ಎಪಾಕ್ಸಿ ನೆಲಕ್ಕೆ ಎಷ್ಟು ದಪ್ಪ ಬೇಕು? ಮೈಕ್ರಾನ್‌ನಿಂದ ಮಿಲಿಮೀಟರ್‌ವರೆಗೆ ಒಂದು ಹೋಲಿಕೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಒಂದು ಮಷಿನ್ ಶಾಪ್. ನೆಲಕ್ಕೆ ಎಪಾಕ್ಸಿ, ಅಂದರೆ ಎರಡು ದ್ರವ ಕಲಸಿದಾಗ ಗಟ್ಟಿಯಾಗುವ ರೆಸಿನ್, ಬಳಿಸಿ ಹದಿನಾಲ್ಕು ತಿಂಗಳಾಗಿತ್ತು. ಲೇತ್‌ಗಳ ನಡುವಿನ ದಾರಿಯಲ್ಲಿ ಹಸಿರು ಬಣ್ಣ ಸವೆದು, ಕಾಂಕ್ರೀಟಿನ ಬೂದುಬಣ್ಣದ ಎರಡು ಪಟ್ಟಿಗಳು ಉದ್ದಕ್ಕೂ ಎದ್ದು ಕಾಣುತ್ತಿದ್ದವು. ಅಳೆದರೆ ಅವುಗಳ ನಡುವಿನ ಅಂತರ ಕೈಯಿಂದ ಎಳೆಯುವ ಪ್ಯಾಲೆಟ್ ಗಾಡಿಯ ಗಾಲಿಗಳ ಅಂತರಕ್ಕೆ ಸರಿಯಾಗಿ ಹೊಂದುತ್ತಿತ್ತು. ಮಷಿನ್ ತಂಪಾಗಿಸುವ ದ್ರವದ, ಅಂದರೆ ಕೂಲಂಟ್ ತೊಟ್ಟಿಯ ಬಳಿ ಕಾಯಿಲೆಯೇ ಬೇರೆ. ಅಲ್ಲಿ ಬಣ್ಣ ಸವೆದಿರಲಿಲ್ಲ, ಹಪ್ಪಳದಂತೆ ಎದ್ದು ನಿಂತಿತ್ತು. ಮಾಲೀಕರು ಒಂದು ಚಕ್ಕೆಯನ್ನು ಉಗುರಿನಿಂದಲೇ ಎಬ್ಬಿಸಿ ನನ್ನ ಅಂಗೈಗೆ ಹಾಕಿದರು. ಮಷಿನ್ ಶಾಪಿನಲ್ಲಿ ಮೈಕ್ರೋಮೀಟರಿಗೆ ಬರವೇ? ತಪಾಸಣೆಯ ಮೇಜಿನಿಂದ ಒಂದನ್ನು ತರಿಸಿ ಚಕ್ಕೆಯನ್ನು ಹಿಡಿದೆ. 0.14 ಮಿಲಿಮೀಟರ್, ಅಂದರೆ 140 ಮೈಕ್ರಾನ್. ಗುತ್ತಿಗೆದಾರ ಕೊಟ್ಟಿದ್ದ ಕೊಟೇಶನ್ನಿನಲ್ಲಿ 300 ಮೈಕ್ರಾನ್ ಎಂದು ಬರೆದಿತ್ತು.

“ಈ ಸಲ ಇಡೀ ಶೆಡ್ಡಿಗೆ ಮೂರು ಮಿಲಿಮೀಟರ್ ಹಾಕಿಸಿಬಿಡೋಣವೇ ಸಾಹೇಬರೇ?” ಎಂದು ಅವರು ಕೇಳಿದರು.

ಬೇಡ ಎಂದೆ. ಈ ಬರಹ ಆ ‘ಬೇಡ’ ಎಂಬುದರ ವಿವರಣೆ. ನೆಲದ ದಪ್ಪವನ್ನು ತೀರ್ಮಾನಿಸುವುದು ಶೆಡ್ಡಿನ ವಿಸ್ತೀರ್ಣವೂ ಅಲ್ಲ, ಮಾಲೀಕರ ಉತ್ಸಾಹವೂ ಅಲ್ಲ. ಆ ನೆಲದ ಮೇಲೆ ಯಾವ ಗಾಲಿ ಉರುಳುತ್ತದೆ, ಏನು ಬೀಳುತ್ತದೆ, ಯಾವುದರಿಂದ ತೊಳೆಯುತ್ತೀರಿ, ಕೆಳಗಿನ ಕಾಂಕ್ರೀಟ್ ಹೇಗಿದೆ ಎಂಬುದು ತೀರ್ಮಾನಿಸುತ್ತದೆ. ಈ ಉತ್ತರಗಳು ಒಂದೇ ಶೆಡ್ಡಿನಲ್ಲಿ ಮೂಲೆಯಿಂದ ಮೂಲೆಗೆ ಬದಲಾಗುತ್ತವೆ. ಹಾಗಾಗಿ ದಪ್ಪವೂ ಬದಲಾಗಬಹುದು, ಬದಲಾಗಬೇಕು.

ಅಳತೆ ಕಣ್ಣಿಗೆ ಕಟ್ಟಲಿ

ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ನಿಮ್ಮ ಜೇಬಿನಲ್ಲಿರುವ ಎಟಿಎಂ ಕಾರ್ಡಿನ ದಪ್ಪ 0.76 ಮಿಲಿಮೀಟರ್. ಅಂಥ ನಾಲ್ಕು ಕಾರ್ಡುಗಳನ್ನು ಒಂದರ ಮೇಲೊಂದು ಇಟ್ಟರೆ ಮೂರು ಮಿಲಿಮೀಟರ್ ನೆಲ ಎಷ್ಟು ದಪ್ಪವೆಂದು ಗೊತ್ತಾಗುತ್ತದೆ. 300 ಮೈಕ್ರಾನ್ ಎಂದರೆ ಒಂದು ಕಾರ್ಡಿನ ಅರ್ಧಕ್ಕಿಂತಲೂ ಕಡಿಮೆ. ಎರಡನ್ನೂ ನಾವು ‘ಎಪಾಕ್ಸಿ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಅರ್ಧ ಗೊಂದಲ ಹುಟ್ಟುವುದೇ ಅಲ್ಲಿ.

ಬ್ರಿಟನ್ನಿನ ರೆಸಿನ್ ನೆಲಗಳ ಸಂಘವಾದ ಫೆರ್ಫಾ ಈ ನೆಲಗಳನ್ನು ದಪ್ಪಕ್ಕೆ ಅನುಗುಣವಾಗಿ ಎಂಟು ಬಗೆಯಾಗಿ ವಿಂಗಡಿಸಿದೆ. 150 ಮೈಕ್ರಾನ್‌ವರೆಗೆ ಸೀಲರ್, 150ರಿಂದ 300 ಮೈಕ್ರಾನ್ ತೆಳು ಲೇಪ, 300ರಿಂದ 1000 ಮೈಕ್ರಾನ್ ದಪ್ಪ ಲೇಪ, 2ರಿಂದ 3 ಮಿಲಿಮೀಟರ್ ತಾನಾಗಿ ಹರಿದು ಸಮವಾಗುವ ನೆಲ, 4 ಮಿಲಿಮೀಟರ್ ದಾಟಿದರೆ ಮರಳು ಬೆರೆಸಿ ಕರಣೆಯಿಂದ ಒತ್ತುವ ಸ್ಕ್ರೀಡ್, ಹೀಗೆ ಸಾಗುತ್ತದೆ. ನಮ್ಮಲ್ಲಿ ಕೊಟೇಶನ್ ಬರೆಯುವವರೂ ಹೆಚ್ಚುಕಡಿಮೆ ಇದೇ ಗಡಿಗಳನ್ನು ಬಳಸುತ್ತಾರೆ. ಆದ್ದರಿಂದ ನಾನೂ ಇದೇ ಕ್ರಮದಲ್ಲಿ ಹೋಗುತ್ತೇನೆ.

150 ಮೈಕ್ರಾನ್‌ವರೆಗೆ: ದೂಳು ತಡೆಯುವಷ್ಟು

ಗೋದಾಮಿನಲ್ಲಿ ಚೀಲಗಳು ಆರಾರು ತಿಂಗಳು ಕದಲದೆ ಕೂರುತ್ತವೆ, ಜನರ ಓಡಾಟ ಕಡಿಮೆ, ಕಾಂಕ್ರೀಟಿನಿಂದ ಏಳುವ ದೂಳಷ್ಟೇ ತೊಂದರೆ ಎಂದಾದರೆ ಸೀಲರ್ ಸಾಕು. ಗಾಲಿ ಓಡಾಡುವ ಜಾಗಕ್ಕೆ ಇದನ್ನು ಯಾರಾದರೂ ಸೂಚಿಸಿದರೆ ಒಪ್ಪಬೇಡಿ.

150ರಿಂದ 300 ಮೈಕ್ರಾನ್: ರೋಲರ್‌ನಿಂದ ಎರಡು ಕೋಟ್

ಹೆಚ್ಚಿನವರು ಕೊಳ್ಳುವುದು ಇದನ್ನೇ. ಕಾಂಕ್ರೀಟಿಗೆ ಹಿಡಿದುಕೊಳ್ಳುವ ಮೊದಲ ಪದರು, ಅಂದರೆ ಪ್ರೈಮರ್ ಒಂದು, ಅದರ ಮೇಲೆ ರೋಲರ್‌ನಿಂದ ಎರಡು ಕೈ. ಜೋಡಣೆಯ ಬೆಂಚುಗಳಿರುವ ಜಾಗ, ಔಷಧ ದಾಸ್ತಾನು ಕೋಣೆ, ಕಚೇರಿ, ರಬ್ಬರ್ ಗಾಲಿಯ ಹಗುರ ತಳ್ಳುಗಾಡಿಗಳ ಓಡಾಟ, ಇವೆಲ್ಲಕ್ಕೂ ಇದು ಯೋಗ್ಯ ಆಯ್ಕೆ. ಎಣ್ಣೆ ಚೆಲ್ಲಿದರೆ ಒರೆಸಿದಾಗ ಹೋಗುತ್ತದೆ. ಮೂರ್ನಾಲ್ಕು ವರ್ಷಕ್ಕೆ ಮಂಕಾದರೆ ಮರಳು ಕಾಗದದ ಮಷಿನ್ನಿನಿಂದ ಉಜ್ಜಿ ಮತ್ತೊಂದು ಕೋಟ್ ಕೊಡಬಹುದು. ತೆಳು ಲೇಪದ ದೊಡ್ಡ ಅನುಕೂಲ ಇದು. ದಪ್ಪ ನೆಲವನ್ನು ಹೀಗೆ ಸುಲಭವಾಗಿ ಹೊಸದು ಮಾಡಲು ಬರುವುದಿಲ್ಲ, ತೇಪೆ ಕಂಡೇ ಕಾಣುತ್ತದೆ.

ಇದರ ಶತ್ರು ನೈಲಾನ್ ಗಾಲಿ. ರಬ್ಬರ್ ಗಾಲಿ ಭಾರ ಬಿದ್ದಾಗ ಸ್ವಲ್ಪ ಚಪ್ಪಟೆಯಾಗಿ ಭಾರವನ್ನು ಅಂಗೈಯಗಲಕ್ಕೆ ಹರಡುತ್ತದೆ. ನೈಲಾನ್ ಚಪ್ಪಟೆಯಾಗುವುದಿಲ್ಲ. ಒಂದು ಟನ್ ಎರಕದ ಸಾಮಾನು ಹೇರಿದ ಪ್ಯಾಲೆಟ್ ಗಾಡಿ ನೆಲವನ್ನು ಮುಟ್ಟುವುದು ಕಿರಿದಾದ ಗೆರೆಗಳಲ್ಲಿ ಮಾತ್ರ. ಅಷ್ಟೂ ಭಾರ ಆ ಗೆರೆಗಳ ಮೇಲೆಯೇ ಬೀಳುತ್ತದೆ. ಇದರ ಜೊತೆಗೆ ಬೆಳಗಾವಿಯ ಮಷಿನ್ ಶಾಪುಗಳಲ್ಲಿ ಇನ್ನೊಂದು ತೊಂದರೆ ಇದೆ. ಲೇತ್‌ನಿಂದ ಹಾರಿದ ಲೋಹದ ಚೂರು ಗಾಲಿಯಲ್ಲಿ ನಾಟಿಕೊಳ್ಳುತ್ತದೆ. ಆಮೇಲೆ ಆ ಗಾಲಿ ಉರುಳುವಷ್ಟು ದೂರವೂ ನೆಲವನ್ನು ಕೊರೆಯುತ್ತಾ ಹೋಗುತ್ತದೆ. ಇಂಥ ಒಂದು ಗೀರಿನ ಆಳವೇ ನೂರಿನ್ನೂರು ಮೈಕ್ರಾನ್ ಆಗಬಹುದು. 140 ಮೈಕ್ರಾನ್ ಲೇಪ ಅದನ್ನು ತಡೆಯಬಲ್ಲದೇ?

ಇನ್ನೊಂದು ಮಾತನ್ನು ಗಮನದಲ್ಲಿಡಿ. ಬಳಿಯುವ ಮುನ್ನ ಕಾಂಕ್ರೀಟನ್ನು ಗ್ರೈಂಡ್ ಮಾಡಿ ಒರಟುಗೊಳಿಸುತ್ತಾರಲ್ಲ, ಆ ಒರಟು ಲೇಪದ ದಪ್ಪಕ್ಕೆ ಹೊಂದಬೇಕು. ಕಾಂಕ್ರೀಟ್ ದುರಸ್ತಿಯ ಅಂತಾರಾಷ್ಟ್ರೀಯ ಸಂಸ್ಥೆ ಐಸಿಆರ್‌ಐ ಇದಕ್ಕೆಂದೇ ಒಂದರಿಂದ ಹತ್ತರವರೆಗೆ ಮಾದರಿ ಮೇಲ್ಮೈಗಳನ್ನು ಮಾಡಿದೆ; ಸಂಖ್ಯೆ ಏರಿದಂತೆ ಒರಟು ಹೆಚ್ಚು. ತೆಳು ಲೇಪಕ್ಕೆ ಒಂದರಿಂದ ಮೂರು, ಹರಿಯುವ ನೆಲಕ್ಕೆ ನಾಲ್ಕರಿಂದ ಆರು. ತುಂಬಾ ಒರಟಾದ ನೆಲದ ಮೇಲೆ 200 ಮೈಕ್ರಾನ್ ಬಳಿದರೆ ರೆಸಿನ್ ತಗ್ಗುಗಳಿಗೆ ಇಳಿದು, ಉಬ್ಬುಗಳ ನೆತ್ತಿಯ ಮೇಲೆ ಐವತ್ತು ಮೈಕ್ರಾನ್ ಕೂಡ ಉಳಿಯುವುದಿಲ್ಲ. ಗಾಲಿ ಮೊದಲು ತಾಗುವುದು ಆ ನೆತ್ತಿಗಳಿಗೇ.

300 ಮೈಕ್ರಾನ್‌ನಿಂದ 1 ಮಿಲಿಮೀಟರ್: ಮಧ್ಯದ ದಾರಿ

ಇದನ್ನು ಕೇಳಿ ಕೊಳ್ಳುವವರು ಕಡಿಮೆ. ಆದರೆ ನನ್ನ ಮಟ್ಟಿಗೆ ಸಣ್ಣ ಕಾರ್ಖಾನೆಗಳಿಗೆ ಹೆಚ್ಚು ಒಪ್ಪುವುದು ಇದೇ. ಪ್ರೈಮರ್ ಹಸಿಯಿರುವಾಗ ಅದರ ಮೇಲೆ ಸಣ್ಣ ಕ್ವಾರ್ಟ್ಸ್ ಮರಳು ಎರಚಿ, ಒಣಗಿದ ಮೇಲೆ ಉಳಿದ ಮರಳನ್ನು ಗುಡಿಸಿ, ಮೇಲೆ ಎರಡು ದಪ್ಪ ಕೋಟ್ ಕೊಟ್ಟರೆ ಮುಕ್ಕಾಲು ಮಿಲಿಮೀಟರ್ ಆಗುತ್ತದೆ. ಮರಳು ಇರುವುದರಿಂದ ಸವೆತ ನಿಧಾನ, ಎಣ್ಣೆ ಬಿದ್ದಾಗ ಕಾಲು ಜಾರುವುದೂ ಕಡಿಮೆ. ವಾಹನ ಸರ್ವಿಸ್ ಮಾಡುವ ಶೆಡ್ಡು, ರಬ್ಬರ್ ಗಾಲಿಯ ಪ್ಯಾಲೆಟ್ ಗಾಡಿ ಇರುವ ಪ್ಯಾಕಿಂಗ್ ವಿಭಾಗ, ಇಂಥವಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

2ರಿಂದ 3 ಮಿಲಿಮೀಟರ್: ಹರಿದು ಸಮವಾಗುವ ನೆಲ

ಕನ್ನಡಿಯಂತೆ ಹೊಳೆಯುವ, ಜೋಡಣೆ ಕಾಣದ ನೆಲ ಇದು. ಫೋರ್ಕ್‌ಲಿಫ್ಟ್ ಓಡಾಟಕ್ಕೆ, ನೈಲಾನ್ ಗಾಲಿಯ ದಾರಿಗಳಿಗೆ, ಸ್ವಚ್ಛತೆ ಕಡ್ಡಾಯವಾದ ಔಷಧ ಮತ್ತು ಎಲೆಕ್ಟ್ರಾನಿಕ್ಸ್ ಘಟಕಗಳಿಗೆ ತಕ್ಕದ್ದು.

‘ಸೆಲ್ಫ್ ಲೆವೆಲಿಂಗ್’ ಎಂಬ ಹೆಸರು ಮಾತ್ರ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ನೆಲದಲ್ಲಿ ಐದು ಮಿಲಿಮೀಟರ್ ತಗ್ಗು ಇದ್ದರೆ ಎರಡು ಮಿಲಿಮೀಟರ್ ರೆಸಿನ್ ಅದನ್ನು ಸಮ ಮಾಡಲಾರದು. ಮಾಲೆಲ್ಲ ತಗ್ಗಿಗೆ ಹರಿದು, ಎತ್ತರದ ಜಾಗದಲ್ಲಿ ಒಂದು ಮಿಲಿಮೀಟರೂ ನಿಲ್ಲುವುದಿಲ್ಲ. ಮೊದಲು ತಗ್ಗುಗಳನ್ನು ಮರಳು ಬೆರೆಸಿದ ಎಪಾಕ್ಸಿಯಿಂದ ತುಂಬಿಸಿ, ಹತ್ತು ಅಡಿಯ ಅಲ್ಯೂಮಿನಿಯಂ ಪಟ್ಟಿ ಇಟ್ಟು ನೋಡಿ, ಆಮೇಲೆ ಸುರಿಸಬೇಕು.

ವಿಜಯಪುರದ ಒಣದ್ರಾಕ್ಷಿ ಘಟಕಗಳ ವಿಷಯದಲ್ಲಿ ನನ್ನ ಸಲಹೆ ಬೇರೆ. ಅಲ್ಲಿ ದ್ರಾಕ್ಷಿ ತೊಳೆಯುವ ನೀರು, ಅಂಟು, ಕಾಲಡಿಯ ಸಿಹಿ ಪದರು ಇವೆಲ್ಲ ಇರುತ್ತವೆ. ನುಣುಪಾದ ನೆಲ ಒದ್ದೆಯಾದರೆ ಹೆಣ್ಣುಮಕ್ಕಳು ಕ್ರೇಟ್ ಹೊತ್ತು ಜಾರಿ ಬೀಳುತ್ತಾರೆ. ಅದೇ ಎರಡು-ಮೂರು ಮಿಲಿಮೀಟರನ್ನು ಮರಳು ಎರಚಿದ ಪದರಗಳಾಗಿ ಮಾಡಿಸಿ. ಹೊಳಪು ಕಡಿಮೆಯಾಗುತ್ತದೆ, ಆಗಲಿ. ಶೀತಲಗೃಹದ ಕೋಣೆಗಳಿಗೆ ಹಾಕಿಸುವುದಾದರೆ ಕೂಲಿಂಗ್ ಆರಂಭಿಸುವ ಮುನ್ನವೇ ಹಾಕಿಸಿ, ವಾರ ಪೂರ್ತಿ ಗಟ್ಟಿಯಾಗಲು ಬಿಟ್ಟು, ನಂತರ ಉಷ್ಣಾಂಶವನ್ನು ಹಂತ ಹಂತವಾಗಿ ಇಳಿಸಬೇಕು. ಸಾಮಾನ್ಯ ಎಪಾಕ್ಸಿ 10 ಡಿಗ್ರಿಗಿಂತ ಕೆಳಗೆ ಸರಿಯಾಗಿ ಗಟ್ಟಿಯಾಗುವುದಿಲ್ಲ.

4 ಮಿಲಿಮೀಟರ್ ಮತ್ತು ಮೇಲೆ

ಎರಕದ ಕಾರ್ಖಾನೆಯಲ್ಲಿ ಬೀಡುಕಬ್ಬಿಣದ ತುಂಡು ಎದೆಯೆತ್ತರದಿಂದ ಕೆಳಗೆ ಬೀಳುತ್ತದೆ, ಅಚ್ಚಿನ ಪೆಟ್ಟಿಗೆಯನ್ನು ಎಳೆದಾಡುತ್ತಾರೆ. ಅಲ್ಲಿ ನಾಲ್ಕರಿಂದ ಆರು ಮಿಲಿಮೀಟರ್ ಸ್ಕ್ರೀಡ್ ಬೇಕು. ಇದರಲ್ಲಿ ರೆಸಿನ್‌ಗಿಂತ ಮರಳೇ ಹೆಚ್ಚು. ಏಟನ್ನು ತಾಳಿಕೊಳ್ಳುವುದು ಆ ಮರಳು. ಕರಗಿದ ಲೋಹ ಸುರಿಯುವ ಜಾಗಕ್ಕೆ ಮಾತ್ರ ಎಷ್ಟು ದಪ್ಪದ ಎಪಾಕ್ಸಿಯೂ ಸಲ್ಲದು.

ಶಾಖದ ವಿಷಯ ಬಂದಾಗ ದಪ್ಪಕ್ಕಿಂತ ಮೊದಲು ವಸ್ತುವನ್ನೇ ಬದಲಾಯಿಸಬೇಕು. ನೆಲಕ್ಕೆ ಬಳಸುವ ಸಾಮಾನ್ಯ ಎಪಾಕ್ಸಿಗಳು 50-60 ಡಿಗ್ರಿಯ ಸುಮಾರಿಗೆ ಮೆದುವಾಗತೊಡಗುತ್ತವೆ. ಹಾಲಿನ ಡೇರಿ, ಬಿಸಿನೀರಿನಿಂದ ತೊಳೆಯುವ ಅಡುಗೆಮನೆ, ಇಂಥಲ್ಲಿ ಸಿಮೆಂಟು ಬೆರೆತ ಪಿಯು (ಪಾಲಿಯುರೆಥೇನ್) ಕಾಂಕ್ರೀಟ್ ಆರರಿಂದ ಒಂಬತ್ತು ಮಿಲಿಮೀಟರ್ ದಪ್ಪಕ್ಕೆ ಹಾಕಿಸುವುದು ಸರಿ. ಅದರ ಹಿಗ್ಗು-ಕುಗ್ಗು ಕಾಂಕ್ರೀಟಿನ ಹಿಗ್ಗು-ಕುಗ್ಗಿಗೆ ಹತ್ತಿರವಿರುವುದರಿಂದ ಬಿಸಿ ತಂಪುಗಳ ಏಟಿಗೆ ಕಿತ್ತುಬರುವುದಿಲ್ಲ. ಮುಧೋಳ, ಮಹಾಲಿಂಗಪುರದ ಕಡೆಯ ಬೆಲ್ಲದ ಗಾಣದವರು ಕೇಳಿದರೆ ಕೊಪ್ಪರಿಗೆಯ ಸುತ್ತ ಎಪಾಕ್ಸಿಯೂ ಬೇಡ ಎನ್ನುತ್ತೇನೆ. ಬೆಲ್ಲದ ಪಾಕ ಇಳಿಸುವಾಗ ಅದರ ಶಾಖ 110 ಡಿಗ್ರಿ ದಾಟಿರುತ್ತದೆ. ಅಲ್ಲಿ ಕಲ್ಲುಹಾಸು ಹಾಕಿಸಿ. ಇಳಕಲ್ಲಿನ ಗ್ರಾನೈಟ್ ಅದೇ ಜಿಲ್ಲೆಯಲ್ಲಿದೆ. ರೆಸಿನ್ ನೆಲ ಬೆಲ್ಲ ಕಟ್ಟಿ ಇಡುವ ಕೋಣೆಗೆ ಇರಲಿ.

ದಪ್ಪ ವಾಸಿ ಮಾಡದ ಕಾಯಿಲೆಗಳು

ಕಿತ್ತ ಚಕ್ಕೆಯನ್ನು ತಿರುವಿ ನೋಡುವುದನ್ನು ಕಲಿತರೆ ಅರ್ಧ ಪರೀಕ್ಷೆ ಮುಗಿದಂತೆ. ಹಿಂಬದಿಗೆ ಬೂದು ಸಿಮೆಂಟಿನ ಪುಡಿ ಅಂಟಿದ್ದರೆ ಸೋತದ್ದು ಕಾಂಕ್ರೀಟಿನ ಮೇಲ್ಪದರು, ಎಪಾಕ್ಸಿ ಅಲ್ಲ. ಹಿಂಬದಿ ಗಾಜಿನಂತೆ ನುಣುಪಾಗಿದ್ದರೆ ಗ್ರೈಂಡಿಂಗ್ ಸರಿಯಾಗಿ ಆಗಿಲ್ಲ. ಎಣ್ಣೆಯ ಜಿಡ್ಡು, ಕಂದುಬಣ್ಣ ಕಂಡರೆ ಹಳೆಯ ಎಣ್ಣೆ ಕಾಂಕ್ರೀಟಿನೊಳಗಿಂದ ಮೇಲೆ ಬಂದಿದೆ. ಚಕ್ಕೆಯೇ ಏಳದೆ ಬಣ್ಣ ಮೇಲಿನಿಂದ ತೆಳುವಾಗುತ್ತಾ ಹೋಗಿದ್ದರೆ ಮಾತ್ರ ಅದು ದಪ್ಪ ಸಾಲದ ತೊಂದರೆ. ಮೊದಲ ಮೂರಕ್ಕೆ ಎಷ್ಟು ದಪ್ಪ ಹಾಕಿದರೂ ಹಣ ದಂಡ. ದಪ್ಪ ಹೆಚ್ಚಿದಷ್ಟೂ ಏಳುವ ಚಕ್ಕೆ ದೊಡ್ಡದಾಗುತ್ತದೆ, ಅಷ್ಟೇ.

ಇದಕ್ಕೆ ಕಾರಣವಿದೆ. ಮರಳು ಬೆರೆಸದ ಬರಿಯ ಎಪಾಕ್ಸಿ ಶಾಖಕ್ಕೆ ಕಾಂಕ್ರೀಟಿಗಿಂತ ಹಲವು ಪಟ್ಟು ಹಿಗ್ಗುತ್ತದೆ. ಪದರು ತೆಳುವಾಗಿದ್ದಾಗ ಅದರ ಎಳೆತವೂ ಕಡಿಮೆ. ದಪ್ಪವಾದಂತೆ ಎಳೆತ ಹೆಚ್ಚಿ, ಕೆಳಗಿನ ದುರ್ಬಲ ಪದರನ್ನೇ ಸೀಳಿಕೊಂಡು ಎದ್ದುಬಿಡುತ್ತದೆ. ತಗಡಿನ ಶೆಡ್ಡು, ಮೇ ತಿಂಗಳ ವಿಜಯಪುರ, ಶಟರ್ ತೆರೆದಲ್ಲಿ ನೇರ ಬಿಸಿಲು ಎಂದಾದರೆ ಬಾಗಿಲ ಬಳಿಯೇ ಮೊದಲು ಏಳುತ್ತದೆ. ಆದ್ದರಿಂದ ಎರಡು ಮಿಲಿಮೀಟರ್ ದಾಟಿದ ಯಾವುದೇ ನೆಲದಲ್ಲಿ ಆ ದಪ್ಪ ಬರಬೇಕಾದದ್ದು ಮರಳಿನಿಂದ. ಕೆಳಗಿನ ಕಾಂಕ್ರೀಟ್ ಕನಿಷ್ಠ ಎಂ25 ದರ್ಜೆಯದ್ದಾಗಿರಬೇಕು, ಅಂದರೆ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳುವಂಥದ್ದು. ಎಳೆದು ನೋಡುವ ಪರೀಕ್ಷೆಯಲ್ಲಿ ಚದರ ಮಿಲಿಮೀಟರಿಗೆ 1.5 ನ್ಯೂಟನ್ ಬಲವನ್ನು ಅದು ತಾಳಬೇಕು. ಹೊಸ ಕಾಂಕ್ರೀಟಾದರೆ 28 ದಿನ ಕಾಯಬೇಕು.

ತೇವ ಇನ್ನೊಂದು. ಬೆಳಗಾವಿಯ ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ನೆಲ ಬೆವರದಿರುತ್ತದೆಯೇ? ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಕಾಂಕ್ರೀಟಿನ ಮೇಲೆ ಅಂಟಿಸಿ. ಹದಿನಾರು ತಾಸು ಬಿಟ್ಟು ತೆಗೆಯಿರಿ. ಒಳಗೆ ಹನಿ ಕೂತಿದ್ದರೆ, ಕಾಂಕ್ರೀಟ್ ಕಪ್ಪಾಗಿದ್ದರೆ, ಕೆಲಸ ಮುಂದಕ್ಕೆ ಹಾಕಿ ಅಥವಾ ತೇವ ತಡೆಯುವ ವಿಶೇಷ ಪ್ರೈಮರ್ ಹಾಕಿಸಿ. ನೆಲದ ಉಷ್ಣಾಂಶ ಇಬ್ಬನಿ ಕಟ್ಟುವ ಬಿಂದುವಿಗಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು ಎಂಬುದು ಈ ಕಸುಬಿನ ಸಾಮಾನ್ಯ ನಿಯಮ. ಅವಸರಪಟ್ಟು ಬಳಿದರೆ ಮೇಲೆ ಬಿಳಿಚಿದ ಜಿಡ್ಡು ಪದರು ಬರುತ್ತದೆ, ಒಳಗೆ ಗುಳ್ಳೆ ಏಳುತ್ತವೆ.

ಬಾಗಲಕೋಟೆ, ವಿಜಯಪುರದವರಿಗೆ ಮೂರನೆಯದು: ಎರೆಮಣ್ಣು. ಮಳೆಗೆ ಹಿಗ್ಗಿ ಬೇಸಿಗೆಗೆ ಬಿರಿಯುವ ಈ ಭೂಮಿಯ ಮೇಲೆ, ಸಾಕಷ್ಟು ಗರಸು ತುಂಬಿ ದಮ್ಮಸ್ಸು ಮಾಡದೆ ಹಾಕಿದ ಕಾಂಕ್ರೀಟ್ ಪ್ರತಿ ವರ್ಷವೂ ಅಲುಗುತ್ತದೆ. ಅಲುಗುವ ಬಿರುಕಿನ ಮೇಲೆ ಐದು ಮಿಲಿಮೀಟರ್ ಸ್ಕ್ರೀಡ್ ಹಾಕಿದರೂ ಮರುವರ್ಷ ಅದೇ ಗೆರೆ ಮೇಲೆ ಮೂಡುತ್ತದೆ. ಬಿರುಕಿನ ಎರಡೂ ಬದಿಗೆ ಪೆನ್ಸಿಲಿನಿಂದ ಗುರುತು ಹಾಕಿ, ಏಪ್ರಿಲ್‌ನಲ್ಲಿ ಒಮ್ಮೆ ಅಕ್ಟೋಬರ್‌ನಲ್ಲಿ ಒಮ್ಮೆ ಅಂತರ ಅಳೆಯಿರಿ. ಅಂತರ ಬದಲಾಗುತ್ತಿದ್ದರೆ ಅದನ್ನು ಜಾಯಿಂಟ್ ಎಂದೇ ಒಪ್ಪಿಕೊಂಡು, ನೇರವಾಗಿ ಕತ್ತರಿಸಿ, ಬಾಗುವ ಸೀಲಂಟ್ ತುಂಬಿಸಿ. ಮುಚ್ಚಿ ಹಾಕಲು ಹೋಗಬೇಡಿ.

ಕೊಟ್ಟ ದಪ್ಪ ಬಂದಿದೆಯೇ?

ಒಂದೇ ಒಂದು ಲೆಕ್ಕ ನೆನಪಿಟ್ಟರೆ ಸಾಕು. ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ಸುರಿದರೆ ಒಂದು ಮಿಲಿಮೀಟರ್ ದಪ್ಪ. ಸಾವಿರ ಚದರ ಅಡಿ ಎಂದರೆ ಸುಮಾರು 93 ಚದರ ಮೀಟರ್. ಹಾಗಾಗಿ 300 ಮೈಕ್ರಾನ್‌ಗೆ ಸುಮಾರು 28 ಲೀಟರ್, ಎರಡು ಮಿಲಿಮೀಟರ್‌ಗೆ ಸುಮಾರು 186 ಲೀಟರ್ ಬೇಕು. ಡಬ್ಬಿಯ ಮೇಲೆ ಕಿಲೋ ಬರೆದಿದ್ದರೆ ತಯಾರಕರ ಹಾಳೆಯಲ್ಲಿರುವ ಸಾಂದ್ರತೆಯಿಂದ ಭಾಗಿಸಿ. ಹರಿಯುವ ಎಪಾಕ್ಸಿ ಸಾಮಾನ್ಯವಾಗಿ ಲೀಟರಿಗೆ ಒಂದೂವರೆ ಕಿಲೋ ಆಸುಪಾಸು ತೂಗುತ್ತದೆ.

ಇಲ್ಲಿ ಮೋಸಹೋಗುವ ಜಾಗ ಒಂದಿದೆ. ದ್ರಾವಕ ಅಥವಾ ನೀರು ಬೆರೆತ ಎಪಾಕ್ಸಿಯಲ್ಲಿ ಆರಿದ ಮೇಲೆ ಉಳಿಯುವ ಘನಭಾಗ ಕಡಿಮೆ. ಘನಭಾಗ ಶೇಕಡ 50 ಇದ್ದರೆ 300 ಮೈಕ್ರಾನ್ ಹಸಿಯಾಗಿ ಬಳಿದದ್ದು ಆರಿದಾಗ 150 ಆಗುತ್ತದೆ. ಉದ್ಯಮಬಾಗ್‌ನ ಆ ಚಕ್ಕೆಯಲ್ಲಿ ಆಗಿದ್ದೂ ಬಹುಶಃ ಇದೇ. ಕೊಟೇಶನ್ನಿನಲ್ಲಿ ‘300 ಮೈಕ್ರಾನ್’ ಎಂದಷ್ಟೇ ಇತ್ತು, ಹಸಿಯೋ ಆರಿದ್ದೋ ಎಂದು ಯಾರೂ ಕೇಳಿರಲಿಲ್ಲ. ನೀವು ‘ಆರಿದ ಮೇಲಿನ ದಪ್ಪ’ ಎಂದು ಬರೆಸಿಕೊಳ್ಳಿ. ಕೆಲಸ ನಡೆಯುವಾಗ ಬಾಚಣಿಗೆಯಂಥ ಗೇಜ್ ಕೈಯಲ್ಲಿರಲಿ. ಹಸಿ ಪದರಕ್ಕೆ ಒತ್ತಿ ಎತ್ತಿದರೆ ಯಾವ ಹಲ್ಲಿನವರೆಗೆ ಬಣ್ಣ ಹತ್ತಿದೆಯೋ ಅದೇ ಹಸಿ ದಪ್ಪ. ಡಬ್ಬಿಗಳು ಬಂದಾಗ ಎಣಿಸಿ, ಖಾಲಿಯಾದವನ್ನು ಒಂದು ಮೂಲೆಗೆ ಇಡಿಸಿ, ಸಂಜೆ ಮತ್ತೆ ಎಣಿಸಿ. ಒಳ್ಳೆಯ ಗುತ್ತಿಗೆದಾರ ಇದಕ್ಕೆ ಬೇಸರಪಡುವುದಿಲ್ಲ.

ಬೇಸಿಗೆಯಲ್ಲಿ ಮಾಡಿಸುವವರು ಸಮಯವನ್ನೂ ನೋಡಬೇಕು. ಉಷ್ಣಾಂಶ ಹತ್ತು ಡಿಗ್ರಿ ಏರಿದರೆ ಕಲಸಿದ ಮಾಲು ಗಟ್ಟಿಯಾಗುವ ಮುನ್ನ ಬಳಸಲು ಸಿಗುವ ಅವಧಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. 40 ಡಿಗ್ರಿ ಬಿಸಿಲಿನಲ್ಲಿ ಬಕೆಟ್ಟಿನೊಳಗೇ ಹೊಗೆಯಾಡಿ ಗಟ್ಟಿಯಾದ ಎಪಾಕ್ಸಿಯನ್ನು ನಾನು ನೋಡಿದ್ದೇನೆ. ಹರಿಯುವ ನೆಲವಾದರೆ ನಸುಕಿನಲ್ಲಿ ಆರಂಭಿಸಿ ಒಂಬತ್ತು ಗಂಟೆಯೊಳಗೆ ಮುಗಿಸುವಷ್ಟೇ ಜಾಗವನ್ನು ಆ ದಿನಕ್ಕೆ ಹಿಡಿಯಬೇಕು.

ಉದ್ಯಮಬಾಗ್‌ನಲ್ಲಿ ಕೊನೆಗೆ ಮಾಡಿದ್ದು

ಇಡೀ ಶೆಡ್ಡಿಗೆ ಮೂರು ಮಿಲಿಮೀಟರ್ ಎಂದರೆ 300 ಮೈಕ್ರಾನ್‌ನ ಹತ್ತು ಪಟ್ಟು ಮಾಲು. ಮಾಲೀಕರೂ ನಾನೂ ಸೀಮೆಸುಣ್ಣ ಹಿಡಿದು ನೆಲದ ಮೇಲೆ ಗೆರೆ ಎಳೆದೆವು. ಪ್ಯಾಲೆಟ್ ಗಾಡಿ ಓಡಾಡುವ ಎಂಟು ಅಡಿ ಅಗಲದ ದಾರಿಗೆ ಮಾತ್ರ ನಾಲ್ಕು ಮಿಲಿಮೀಟರ್ ಸ್ಕ್ರೀಡ್. ಬೆಂಚುಗಳ ಕಡೆಗೆ, ತಪಾಸಣೆಯ ಕೋಣೆಗೆ 300 ಮೈಕ್ರಾನ್, ಆರಿದ ಮೇಲಿನ ಅಳತೆ. ಕೂಲಂಟ್ ತೊಟ್ಟಿಯ ಸುತ್ತ ಎಣ್ಣೆ ಕುಡಿದ ಕಾಂಕ್ರೀಟನ್ನು ಅರ್ಧ ಇಂಚು ಕೆತ್ತಿ ತೆಗೆಸಿ, ಎಪಾಕ್ಸಿ ಗಾರೆ ತುಂಬಿಸಿ, ನಂತರವೇ ಲೇಪ. ದಪ್ಪ ದಾರಿಯ ಎರಡೂ ಅಂಚಿನಲ್ಲಿ ಕಟರ್‌ನಿಂದ ಚರ ಕೊಯ್ಸಿ, ದಾರಿಯ ಕಾಂಕ್ರೀಟಿನ ಮೇಲ್ಪದರನ್ನು ಅಂಚಿನ ಕಡೆಗೆ ಇಳಿಜಾರಾಗಿ ತೆಗೆಸಿದೆವು. ಸ್ಕ್ರೀಡಿನ ಅಂಚು ಆ ಚರದಲ್ಲಿ ಕಚ್ಚಿಕೊಂಡು ಪಕ್ಕದ ನೆಲಕ್ಕೆ ಸಮವಾಗಿ ನಿಂತಿತು. ಕೈಯಾಡಿಸಿದರೆ ಮೆಟ್ಟಿಲು ಸಿಗುತ್ತಿರಲಿಲ್ಲ.

ಮರುದಿನವೇ ಜನ ಅದರ ಮೇಲೆ ಓಡಾಡಿದರು. ಗಾಡಿಗೆ ಮಾತ್ರ ಏಳು ದಿನ ಬಿಡಲಿಲ್ಲ. ಮಾಲೀಕರು ದಾರಿಯ ಎರಡೂ ತುದಿಗೆ ಒಂದೊಂದು ಖಾಲಿ ಎಣ್ಣೆ ಡ್ರಮ್ ಇಟ್ಟು ಹಗ್ಗ ಕಟ್ಟಿಸಿದ್ದರು. ಎಂಟನೆಯ ದಿನ ಹಗ್ಗ ಬಿಚ್ಚುವ ಮುನ್ನ ಗಾಡಿಯನ್ನು ಮಗುಚಿ ಹಾಕಿಸಿ, ನೈಲಾನ್ ಗಾಲಿಗಳಲ್ಲಿ ನಾಟಿದ್ದ ಚೂರುಗಳನ್ನು ಇಕ್ಕಳದಿಂದ ಒಂದೊಂದಾಗಿ ಕೀಳಿಸಿದರು.